ಸಹಾಯ ಬೇಕು: ಈ ಬಾಟಲಿ ಈಗಲೇ ತೆಗೀಲಾ, ಇಡಲಾ?

ಲಿಯೋನ್ ಕಡೆ ಇರೋ ಕನ್ನಡಿಗರಿಗೆ ನಮಸ್ಕಾರ. ವೈನ್ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳ್ತೀರಾ?

ಶಾತೊನಫ್-ದ್ಯು-ಪಾಪ್ ಅನ್ನೋ ವೈನ್ ಊರಿನ 'ಶಾತೊ ದ ಬೋಕಾಸ್ತೆಲ್' ದ್ರಾಕ್ಷಿ ತೋಟದ ಹೆಸರು ಕೇಳಿರ್ತೀರಿ. 1909ರಿಂದ ಒಂದೇ ಮನೆತನದ ಕೈಲಿದೆ, ಈಗ ನಡೆಸ್ತಿರೋರು ಪೆರಾಂ ಕುಟುಂಬದವರು. ಆ ಬಾಟಲಿ ನನ್ನ ಜೇಬಿಗೆ ಎಟುಕಲ್ಲ ಬಿಡಿ. ಆದರೆ ಎ7 ಹೆದ್ದಾರಿ ದಾಟಿದ್ರೆ ಅವರದ್ದೇ ಇನ್ನೊಂದು ತೋಟ ಇದೆ, ಕುಡುಲೆ ಅಂತ. ಅಲ್ಲೂ ಅದೇ ಉರುಟು ಕಲ್ಲುಗಳು, ಹಗಲೆಲ್ಲ ಬಿಸಿಲು ಹೀರಿಕೊಂಡು ರಾತ್ರಿ ಬಳ್ಳಿಗೆ ಶಾಖ ಕೊಡ್ತವೆ. ರಸ್ತೆಯಿಂದಾಚೆಗಿನ ಜಾಗ ಶಾತೊನಫ್ ಗಡಿಯಿಂದ ಹೊರಗಿರೋದ್ರಿಂದ ಲೇಬಲ್ ಮೇಲೆ ಬರೀ 'ಕೋತ್ ದ್ಯು ರೋನ್', ಅಂದ್ರೆ ಸುತ್ತಲಿನ ದೊಡ್ಡ ಪ್ರದೇಶದ ಹೆಸರು. ಬೆಲೆ ಇಳಿಯೋದೂ ಅದಕ್ಕೇ!

2020ರ 'ಕುಡುಲೆ ದ ಬೋಕಾಸ್ತೆಲ್' ಕೆಂಪು ವೈನ್ ತಂದಿಟ್ಟಿದ್ದೀನಿ. ಗ್ರೆನಾಶ್, ಮೂರ್ವೆದ್ರ್, ಸಿರಾ, ಸಾಂಸೊ ದ್ರಾಕ್ಷಿಗಳ ಮಿಶ್ರಣ. ಮುಂದಿನ ಭಾನುವಾರ ಮಗಳ ಟೀಚರ್ ಮತ್ತವರ ಯಜಮಾನ್ರು ಊಟಕ್ಕೆ ಬರ್ತಿದ್ದಾರೆ.

ಈಗಲೇ ತೆಗೆದ್ರೆ ಒಗರು ಜಾಸ್ತಿ ಇರುತ್ತಾ? ಮೂರ್ವೆದ್ರ್ ಇದ್ದರೆ ಕೆಲವು ವರ್ಷ ಇಡಬೇಕು ಅಂತಾರೆ. ಜಗ್‌ಗೆ ಬಗ್ಗಿಸಿ ಗಾಳಿಯಾಡಿಸೋದಾದ್ರೆ ಎಷ್ಟು ಹೊತ್ತು ಮುಂಚೆ?

ಊಟಕ್ಕೆ ಕಾಳುಮೆಣಸಿನ ಮಟನ್ ಫ್ರೈ ಅಂದುಕೊಂಡಿದ್ದೀನಿ. ಹಸಿಮೆಣಸಿನಕಾಯಿ ಖಾರಕ್ಕೆ ಇಂಥ ವೈನ್ ಸೇರಿದ್ರೆ ಬಾಯಿ ಇನ್ನೂ ಉರಿಯುತ್ತೆ, ಹಾಗಾಗಿ ಅದನ್ನ ಬಿಟ್ಟಿದ್ದೀನಿ. ಕಾಳುಮೆಣಸಿಗೆ ಈ ವೈನ್ ಹೊಂದುತ್ತಾ, ಅಥವಾ ಬರೀ ಬೆಳ್ಳುಳ್ಳಿ ಹಾಕಿದ ಚಾಪ್ಸ್ ಮಾಡ್ಲಾ?

ಕೋಳಿ ಚಿತ್ರದ 'ಲಾ ವಿಯೇಯ್ ಫೆರ್ಮ್' ವೈನ್ ಸಾಕು ಅನ್ನಬೇಡಿ, ಅದೂ ಪೆರಾಂ ಕುಟುಂಬದ್ದೇ, ಆದ್ರೆ ವಾರದ ದಿನಕ್ಕೆ ಅದು. ಶನಿವಾರದೊಳಗೆ ಉತ್ತರ ಕೊಟ್ರೆ ಮಾಂಸದಂಗಡಿಗೆ ಹೇಳಿಡಬಹುದು.