ಮೊನಾಕೊ ನಕ್ಷೆಗೆ ಪದ ಬೇಕು: ‘ಚಿಕೇನ್’ (ತುರ್ತು)

ಗೆಳೆಯರೇ,

ಮೊನಾಕೊ ಗ್ರ್ಯಾನ್ ಪ್ರಿ (ಫಾರ್ಮುಲಾ 1 ಕಾರು ಓಟ) ಟ್ರ್ಯಾಕಿನ ನಕ್ಷೆಗೆ ಕನ್ನಡದ ಹೆಸರು ಬರೆಯುತ್ತಿದ್ದೇನೆ. ನಾಳೆ ಸಂಜೆ ಪುಟ ಅಚ್ಚಿಗೆ. ‘ಹೇರ್‌ಪಿನ್ ತಿರುವು’ ಆಗುಂಬೆ ಘಾಟಿ ಹತ್ತಿದವರಿಗೆಲ್ಲ ಗೊತ್ತು, ಅದನ್ನು ಮುಟ್ಟುವುದಿಲ್ಲ. ತೊಡಕಿರುವುದು ‘ಚಿಕೇನ್’ನಲ್ಲಿ. ಸುರಂಗದಿಂದ ಹೊರಬಿದ್ದ ಕಾರು ಇಳಿಜಾರಿನಲ್ಲಿ ಗಂಟೆಗೆ 290 ಕಿ.ಮೀ. ಆಸುಪಾಸಿನಲ್ಲಿ ಬಂದು, ಬ್ರೇಕ್ ಒತ್ತಿ, ಎಡಕ್ಕೆ ಹೊರಳಿ ಆ ಕೂಡಲೇ ಬಲಕ್ಕೆ ಹೊರಳಬೇಕಾದ ಜಾಗ. 10 ಮತ್ತು 11ನೇ ತಿರುವು. ಸದ್ಯಕ್ಕೆ ನನ್ನ ಕೈಲಿರುವುದು: ಅಂಕುಡೊಂಕು, ಜೋಡಿ ತಿರುವು. ನಕ್ಷೆಯಲ್ಲಿ ನಾಲ್ಕೈದು ಅಕ್ಷರಕ್ಕಷ್ಟೇ ಜಾಗ. ಹಾಗೆಯೇ ‘ಸ್ಟ್ರೀಟ್ ಸರ್ಕಿಟ್’ಗೂ (ಊರಿನ ರಸ್ತೆಯನ್ನೇ ಓಟದ ಟ್ರ್ಯಾಕ್ ಮಾಡಿದ್ದು) ಒಂದು ಹೇಳಿ. ಅಡಿಬರಹ ಹೀಗಿದೆ: ‘3.337 ಕಿ.ಮೀ. ಸುತ್ತು, 305 ಕಿ.ಮೀ. ಓಟ’.

— ವಿ.

ಎರಡೂ ನಡೆಯುವುದಿಲ್ಲ. 3.337 ಕಿ.ಮೀ.ನಲ್ಲಿ 19 ತಿರುವು ಇರುವ ಟ್ರ್ಯಾಕು ಇಡಿಯಾಗಿ ಅಂಕುಡೊಂಕೇ; ಒಂದು ಜಾಗಕ್ಕೆ ಮಾತ್ರ ಆ ಹೆಸರು ಹೇಗೆ? ‘ಜೋಡಿ ತಿರುವು’ ಅಂದರೆ ಎರಡೂ ಒಂದೇ ಕಡೆಗಿದ್ದರೂ ಜೋಡಿಯೇ. ಚಿಕೇನ್‌ನಲ್ಲಿ ದಿಕ್ಕು ಬದಲಾಗಲೇಬೇಕು. ಈಜುಕೊಳದ ಹತ್ತಿರ ನೋಡಿ: 13-14 ಎಡ-ಬಲ, 15-16 ಬಲ-ಎಡ. ಒಂದರ ಹಿಂದೊಂದು ಎರಡು ಚಿಕೇನ್.

ಮಲೆನಾಡಿನಲ್ಲಿ ಪದ ಸಿದ್ಧವಿದೆ: ತಡಬೆ. ಬೇಲಿಯನ್ನು ಹತ್ತಿ ಇಳಿಯಲು ಮಾಡಿದ ಜಾಗ: ಜನ ದಾಟಬಹುದು, ದನ ನುಗ್ಗಲಾಗದು. ಚಿಕೇನ್ ಮಾಡುವುದೂ ಅದನ್ನೇ: ಕಾರನ್ನು ಬಿಡುತ್ತದೆ, ವೇಗವನ್ನು ಬಿಡುವುದಿಲ್ಲ. ತಡೆ, ತಡ, ತಡಬೆ, ಎಲ್ಲ ಒಂದೇ ಬಳ್ಳಿ. ಮೂರಕ್ಷರ. ಚರ್ಚೆ ಮುಗಿಯಿತು.

— ಶಿ.

ಮುಗಿದಿಲ್ಲ. ತಡಬೆಯನ್ನು ಹತ್ತಿ ಇಳಿಯುತ್ತಾರೆ, ಸುತ್ತಿಬಳಸಿ ಹೋಗುವುದಿಲ್ಲ. ಬಯಲುಸೀಮೆಯ ಓದುಗನಿಗೆ ಅದು ಚಿಕೇನ್‌ಗಿಂತ ಹೊಸ ಪದ.

‘ಚಿಕೇನ್’ ಫ್ರೆಂಚಿನಲ್ಲಿ ಮೊದಲು ರಸ್ತೆಯ ಪದವಲ್ಲ, ಕೋರ್ಟಿನ ತಕರಾರು. ಇಲ್ಲದ ತಂಟೆ ತೆಗೆದು ವಾದ ಎಳೆಯುವುದು. ಕನ್ನಡದ ‘ಕೊಂಕು’ ನೋಡಿ: ಸೊಟ್ಟ ಎಂದೂ ಆಗುತ್ತದೆ, ಕೊಂಕು ತೆಗೆಯುವುದು ಎಂದೂ ಆಗುತ್ತದೆ. ಎರಡು ಅರ್ಥವೂ ಕೂಡಿಬರುವ ಪದ ಇಷ್ಟು ಹತ್ತಿರದಲ್ಲಿರುವಾಗ ಬೇರೆ ಹುಡುಕುವುದು ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂತೆ. ಸುರಂಗದಾಚೆಯದರ ಪೂರ್ತಿ ಹೆಸರು ‘ನುವೆಲ್ ಚಿಕೇನ್’, 1986ರಲ್ಲಿ ರೂಪ ಬದಲಾದದ್ದು. ಹಾಗಾದರೆ ‘ಹೊಸ ಕೊಂಕು’. (ಈ ಬಳಗದಲ್ಲಿ ದಿನಕ್ಕೊಂದು ಇದ್ದೇ ಇರುತ್ತದೆ.)

— ಸು.

‘ಕೊಂಕು’ ಚೆನ್ನ. ಅಚ್ಚಗನ್ನಡದ ಪದ ಸಿಕ್ಕ ಮೇಲೆ ಪಕ್ಕದಲ್ಲಿ ‘ಚಿಕೇನ್’ ಬರೆಯಬೇಡಿ, ಬರೆದರೆ ಓದುಗರು ಅದನ್ನೇ ಕಲಿಯುತ್ತಾರೆ. ಅರ‍್ತ ಬಳಕೆಯಿಂದ ಬರುತ್ತದೆ. ‘ಸ್ಟ್ರೀಟ್ ಸರ‍್ಕಿಟ್’ಗೆ ರತಬೀದಿ. ಉಡುಪಿಯಲ್ಲಿ ಮಟದ ಸುತ್ತ ಇರುವುದು ಅದೇ. ತಬಾಕ್ ತಿರುವನ್ನು ‘ಹೊಗೆಸೊಪ್ಪಿನಂಗಡಿ’ ಎನ್ನಿ.

— ನ.

‘ರತ’, ‘ಮಟ’! ಮಹಾಪ್ರಾಣ ಕಿತ್ತಮೇಲೂ ರಥ ಸಂಸ್ಕೃತದ್ದೇ, ಸ್ವಾಮಿ. ಮಂಗಳೂರಿನಲ್ಲಿ ರಥಬೀದಿಗೆ ಇಂಗ್ಲಿಷ್ ಹೆಸರು ಕಾರ್ ಸ್ಟ್ರೀಟ್. ನಗೆಚಾಟಿಕೆಗೆ ಸರಿ, ನಕ್ಷೆಗಲ್ಲ. ‘ಬೀದಿ ರೇಸ್’ ಎಂದೂ ಬರೆಯಬೇಡಿ, ಅದು ಪೊಲೀಸ್ ಕೇಸು. ‘ನಗರದ ರಸ್ತೆಯ ಟ್ರ್ಯಾಕ್’ ಸಾಕು. ವಿಷಯ ಇರುವುದೇ ಅಲ್ಲಿ: ಉಳಿದ ದಿನ ಬಸ್ಸು ಓಡಾಡುವ ರಸ್ತೆ. ಅದಕ್ಕೇ ಚರಂಡಿ ಮುಚ್ಚಳಗಳನ್ನು ವೆಲ್ಡಿಂಗ್ ಮಾಡುತ್ತಾರೆ, ಇಲ್ಲದಿದ್ದರೆ ಕಾರಿನಡಿಯ ಗಾಳಿಯ ಸೆಳೆತಕ್ಕೆ ಕಿತ್ತೇಳುತ್ತವೆ. ರಸ್ತೆಯ ಬಿಳಿಪಟ್ಟೆ ಮಳೆಗೆ ಜಾರುತ್ತದೆ.

ಹೆಸರುಗಳನ್ನು ಅನುವಾದಿಸಬೇಡಿ. ರಾಸ್ಕಾಸ್ ತಿರುವಿಗೆ ಇರುವುದು ಒಂದು ಮೀನಿನ ಹೆಸರು. ಅದಕ್ಕೂ ಕನ್ನಡದ ಮೀನು ಹುಡುಕುತ್ತೀರಾ?

— ಸು.

ಇಟಲಿಯವರು ಫ್ರೆಂಚ್ ಪದ ಹಿಡಿದು ಕೂರಲಿಲ್ಲ. ಅವರ ಮೊಂಜಾ ಟ್ರ್ಯಾಕಿನಲ್ಲಿ ಚಿಕೇನ್‌ಗೆ ‘ವರಿಯಾಂತೆ’. ನಮಗೇಕೆ ಹಿಂಜರಿಕೆ?

— ನ.

ಇಂಗ್ಲಿಷಿನವರು ‘ಗ್ರ್ಯಾನ್ ಪ್ರಿ’, ‘ಚಿಕೇನ್’ ಎರಡನ್ನೂ ಹಾಗೆಯೇ ಎತ್ತಿಕೊಂಡರು, ಅವರ ಭಾಷೆಗೇನೂ ಆಗಲಿಲ್ಲ. ಬ್ರೇಕು, ಗೇರು, ಟೈರು ನಮ್ಮ ಗ್ಯಾರೇಜಿನ ಕನ್ನಡ. ಪದ ವಾಕ್ಯದಲ್ಲಿ ನಿಲ್ಲುತ್ತದೆಯೇ ಎಂದು ನೋಡಿ. ‘ಚಿಕೇನ್ ಕಟ್ ಮಾಡಿ ಮುಂದೆ ಹೋದ, ಸ್ಥಾನ ಬಿಟ್ಟುಕೊಡಬೇಕಾಯಿತು’: ಇದನ್ನು ‘ಕೊಂಕು ಬಿಟ್ಟು ನೇರ ನುಗ್ಗಿದ’ ಎನ್ನಬಹುದು, ನಿಲ್ಲುತ್ತದೆ. ‘1955ರಲ್ಲಿ ಚಾಲಕ ಅಸ್ಕಾರಿ ಕೊಂಕಿನಲ್ಲಿ ತಪ್ಪಿ ಕಾರು ಸಮೇತ ಬಂದರಿನ ನೀರಿಗೆ ಬಿದ್ದರು’: ಇಲ್ಲಿ ಯಾರ ಕೊಂಕು ಎಂದು ಓದುಗ ತಡವರಿಸುತ್ತಾನೆ. ‘ಕೊಂಕುದಾರಿ’ ಮಾಡಿದರೆ ಎರಡೂ ಕಡೆ ಸಲ್ಲುತ್ತದೆ.

— ಗೀ.

ನಾಲ್ಕಕ್ಷರ, ಜಾಗಕ್ಕೆ ಕೂರುತ್ತದೆ. ನಕ್ಷೆಯಲ್ಲಿ ‘ಕೊಂಕುದಾರಿ’, ಕೆಳಗೆ ಸಣ್ಣಕ್ಷರದಲ್ಲಿ ‘ಚಿಕೇನ್’. ತಬಾಕ್, ರಾಸ್ಕಾಸ್ ಇದ್ದ ಹಾಗೆಯೇ ಇರಲಿ. ಪಿಸೀನ್ ಮಾತ್ರ ‘ಈಜುಕೊಳ’. ಇಂಗ್ಲಿಷ್ ಕಾಮೆಂಟರಿಯವರೂ ಅದೊಂದನ್ನು ಅನುವಾದಿಸಿಯೇ ಹೇಳುತ್ತಾರೆ. ಎಲ್ಲರಿಗೂ ನಮಸ್ಕಾರ.

— ವಿ.

ಪದಕ್ಕೆ ಇಷ್ಟು ಬಡಿದಾಡಿ ಅಂಕಿ ಯಾರೂ ನೋಡಲಿಲ್ಲ. 305 ಕಿ.ಮೀ. ಬೇರೆ ಓಟಗಳಿಗೆ. ವೇಗ ಕಡಿಮೆ ಎಂದು ಮೊನಾಕೊಗೆ ವಿನಾಯಿತಿ ಇದೆ: 78 ಸುತ್ತು, 260.286 ಕಿ.ಮೀ. ಅಚ್ಚಿಗೆ ಹೋಗುವ ಮುಂಚೆ ತಿದ್ದಿ. ತಡಬೆಯೇ ಸರಿ.

— ಶಿ.