ಅಕೌಂಟೆಂಟ್ ಕೆಲಸಕ್ಕೆ ರೆಸ್ಯೂಮ್ ಹೇಗಿರಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು: ನಾನು ದಾವಣಗೆರೆಯವಳು. ಬಿ.ಕಾಂ ಆದ ಮೇಲೆ ಇಲ್ಲೇ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯಲ್ಲಿ ಎರಡು ವರ್ಷ ಲೆಕ್ಕ ನೋಡಿಕೊಂಡೆ. ಅಮ್ಮನಿಗೆ ಹುಷಾರಿಲ್ಲದೆ ಆಮೇಲೆ ಒಂದು ವರ್ಷ ಮನೆಯಲ್ಲಿದ್ದೆ. ಈಗ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದೇನೆ. ರೆಸ್ಯೂಮ್ ಕಳಿಸುತ್ತಲೇ ಇದ್ದೇನೆ, ಒಂದು ಕಾಲ್ ಕೂಡ ಬರುತ್ತಿಲ್ಲ. "ಟ್ಯಾಲಿ, ಜಿಎಸ್‌ಟಿ, ಎಂಎಸ್ ಆಫೀಸ್ ಗೊತ್ತು" ಎಂದು ಬರೆದಿದ್ದೇನೆ. ಇನ್ನೇನು ಸೇರಿಸಬೇಕು?

ಅಕೌಂಟ್ಸ್ ಮ್ಯಾನೇಜರ್, ಬೆಂಗಳೂರು: ನಮ್ಮ ವಿಭಾಗಕ್ಕೆ ಬರುವ ರೆಸ್ಯೂಮ್‌ಗಳನ್ನು ಮೊದಲು ನೋಡುವವಳು ನಾನೇ. "ಟ್ಯಾಲಿ, ಜಿಎಸ್‌ಟಿ ಗೊತ್ತು" ಎಂದು ಎಲ್ಲರೂ ಬರೆಯುತ್ತಾರೆ. ಮೂರು ತಿಂಗಳ ಕೋರ್ಸ್ ಮಾಡಿದವರದ್ದೂ ಅದೇ ಸಾಲು, ಹತ್ತು ವರ್ಷ ರಿಟರ್ನ್ ಹಾಕಿದವರದ್ದೂ ಅದೇ ಸಾಲು. ನಾನು ಯಾರನ್ನ ಕರೆಯಲಿ ಹೇಳಿ?

ಒಂದು ಹಾಳೆ ತಗೊಂಡು, ಅಂಗಡಿಯಲ್ಲಿ ತಿಂಗಳಿಡೀ ಏನೇನು ಮಾಡುತ್ತಿದ್ದಿರಿ ಎಂದು ತಾರೀಖಿನ ಪ್ರಕಾರ ಬರೆಯಿರಿ. ತಿಂಗಳ ರಿಟರ್ನ್ ಆದರೆ 11ರೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ರಿಟರ್ನ್. 14ಕ್ಕೆ 2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ) ಬಂದ ಮೇಲೆ ಖರೀದಿ ಬಿಲ್‌ಗಳ ಜೊತೆ ತಾಳೆ ನೋಡೋದು. ಅದರಲ್ಲಿ ಕಾಣದ ಬಿಲ್‌ಗಳಿಗೆ ಸಪ್ಲೈಯರ್‌ಗೆ ಫೋನ್ ಮಾಡಿ ಬೆನ್ನು ಹತ್ತೋದು. 20ರೊಳಗೆ 3ಬಿ, ಅಂದರೆ ತಿಂಗಳ ತೆರಿಗೆ ಲೆಕ್ಕ ಕೊಟ್ಟು ಕಟ್ಟುವ ರಿಟರ್ನ್. ಕಳಿಸುವ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸಾಗಣೆಗೆ ಆನ್‌ಲೈನ್‌ನಲ್ಲಿ ತೆಗೆಯುವ ಬಿಲ್). ಬ್ಯಾಂಕ್ ಸ್ಟೇಟ್‌ಮೆಂಟ್ ಹೊಂದಿಸೋದು, ಬಾಕಿ ವಸೂಲಿ ಪಟ್ಟಿ. ನಿಮ್ಮ ರೆಸ್ಯೂಮ್ ಇದೇ! "ತಿಂಗಳಿಗೆ ಸುಮಾರು ಇಷ್ಟು ಬಿಲ್ ಟ್ಯಾಲಿಗೆ ಹಾಕುತ್ತಿದ್ದೆ, 2ಬಿ ಜೊತೆ ತಾಳೆ ನೋಡುತ್ತಿದ್ದೆ" ಎಂದು ಎಣಿಕೆ ಸಮೇತ ಹಾಕಿ. "ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್" ಎಲ್ಲ ತೆಗೆದುಬಿಡಿ. ಅದನ್ನು ಯಾರೂ ಓದಲ್ಲ, ನಾನಂತೂ ಓದಲ್ಲ.

ಒಂದು ಮಾತು. ಬರೆದಿದ್ದನ್ನೇ ಇಂಟರ್‌ವ್ಯೂನಲ್ಲಿ ಕೇಳುತ್ತೇವೆ. 3ಬಿ ಎಂದು ಬರೆದವರಿಗೆ "ಐಟಿಸಿ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್) ಯಾವ ಟೇಬಲ್‌ನಲ್ಲಿ ಬರುತ್ತೆ?" ಎಂದು ಕೇಳಿದರೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಟೇಬಲ್ 4 ಎನ್ನಲು ಕೈಯಲ್ಲಿ ಕೆಲಸ ಮಾಡಿದವರಿಗೆ ಒಂದು ಕ್ಷಣ ಸಾಕು.

ಕನ್ಸಲ್ಟೆನ್ಸಿಯಲ್ಲಿ ಇರುವವರು: ನೌಕ್ರಿಯಂಥ ಕೆಲಸ ಹುಡುಕುವ ವೆಬ್‌ಸೈಟ್‌ನಲ್ಲಿ ರೆಸ್ಯೂಮ್ ಹಾಕಿದರೆ ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಓದುತ್ತೆ. ಕ್ಯಾನ್ವಾ ಡಿಸೈನ್ ಆ್ಯಪ್‌ನ ಎರಡು ಕಾಲಂ, ಬಣ್ಣದ ಪಟ್ಟಿ, ಸ್ಟಾರ್ ಕೊಟ್ಟ ಸ್ಕಿಲ್ಸ್ ನೋಡೋಕೆ ಚೆಂದ, ಆದರೆ ಎಷ್ಟೋ ಸಲ ಸಾಲುಗಳು ಕಲಸಿಹೋಗುತ್ತವೆ. ಒಂದೇ ಕಾಲಂ, ಸಾದಾ ಅಕ್ಷರ, ಒಂದು ಪುಟ ಸಾಕು. ಜಾಹೀರಾತಿನಲ್ಲಿ "ಟ್ಯಾಲಿ ಪ್ರೈಮ್" ಎಂದಿದ್ದರೆ ನೀವೂ ಹಾಗೇ ಬರೆಯಿರಿ. ಆಧಾರ್ ನಂಬರ್, ಜಾತಿ, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಇದ್ಯಾವುದೂ ಬೇಡ. ಆಧಾರ್ ಅಂತೂ ಖಂಡಿತ ಬೇಡ, ಆ ಹಾಳೆ ಯಾರ ಕೈಗೆ ಹೋಗುತ್ತೋ.

ಗ್ಯಾಪ್ ಇದ್ದವರು: ಆ ಒಂದು ವರ್ಷವನ್ನು ಮುಚ್ಚಿಡಬೇಡಿ. "ಕುಟುಂಬದ ಆರೋಗ್ಯ ಕಾರಣಕ್ಕೆ ವಿರಾಮ" ಎಂದು ಒಂದೇ ಸಾಲು, ತಿಂಗಳು-ವರ್ಷ ಸಮೇತ. ನಾನೂ ಹಾಗೇ ಬರೆದಿದ್ದೆ. ಇಂಟರ್‌ವ್ಯೂನಲ್ಲಿ ಒಮ್ಮೆ ಕೇಳಿದರು, ಹೇಳಿದೆ, ಮುಂದಿನ ಪ್ರಶ್ನೆಗೆ ಹೋದರು. ಕೆಲಸದ ಅವಧಿಯನ್ನು ಎಳೆದು ಗ್ಯಾಪ್ ತುಂಬಿಸಿದರೇ ಕಷ್ಟ. ಪಿಎಫ್ ಇದ್ದರೆ ಸೇರಿದ, ಬಿಟ್ಟ ತಾರೀಖು ಯುಎಎನ್‌ನಲ್ಲಿ (ಪಿಎಫ್ ಸದಸ್ಯರ ನಂಬರ್) ಇರುತ್ತೆ, ಕಂಪನಿಯವರು ಅದನ್ನ ನೋಡುತ್ತಾರೆ.

ಪೀಣ್ಯದಲ್ಲಿ ಸಣ್ಣ ಫ್ಯಾಕ್ಟರಿ ನಡೆಸುವವರು: ನೋಡಮ್ಮ, ಸಾಫ್ಟ್‌ವೇರ್ ಕಥೆಯೆಲ್ಲ ದೊಡ್ಡ ಕಂಪನಿಗೆ. ನಮ್ಮಲ್ಲಿ ರೆಸ್ಯೂಮ್ ವಾಟ್ಸಾಪ್‌ನಲ್ಲಿ ಬರುತ್ತೆ, ನಾನೇ ಮೊಬೈಲ್‌ನಲ್ಲಿ ಓದೋದು. ಮೊದಲು ನೋಡೋದು ಊರು. ದಾವಣಗೆರೆ ವಿಳಾಸ ಒಂದೇ ಇದ್ದರೆ, ಇವರು ಬರ್ತಾರೋ ಇಲ್ಲವೋ ಎಂದು ಪಕ್ಕಕ್ಕಿಡುತ್ತೇನೆ. "ಬೆಂಗಳೂರಿಗೆ ಬರಲು ಸಿದ್ಧ, ಇಂಥ ದಿನದಿಂದ ಸೇರಬಹುದು" ಎಂದು ಮೇಲೆಯೇ ಹಾಕು. ಇಲ್ಲೇ ಹತ್ತಿರದ ದಾಸರಹಳ್ಳಿ ಕಡೆ ನೆಂಟರ ಮನೆ ಇದ್ದರೆ ಅದನ್ನೂ ಹೇಳು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ಒಂದು ಡೌಟು. 3ಬಿ ನಾನು ಹಾಕುತ್ತಿರಲಿಲ್ಲ. ಎಕ್ಸೆಲ್ ಮಾಡಿ ಆಡಿಟರ್‌ಗೆ ಕೊಡುತ್ತಿದ್ದೆ. ಹಾಗಂತಲೇ ಬರೆಯಲಾ?

ಅಕೌಂಟ್ಸ್ ಮ್ಯಾನೇಜರ್: ಹಾಗೇ ಬರೆಯಿರಿ. "3ಬಿಗೆ ಲೆಕ್ಕ ಸಿದ್ಧಪಡಿಸಿ ಆಡಿಟರ್‌ಗೆ ಕೊಡುವುದು". ಆ ಎಕ್ಸೆಲ್‌ನಲ್ಲಿ ವಿ-ಲುಕಪ್, ಪಿವಟ್‌ನಂಥ ಎಕ್ಸೆಲ್ ಸೌಲಭ್ಯ ಬಳಸಿದ್ದರೆ ಅದೇ ಸಾಲಿನಲ್ಲಿ ಸೇರಿಸಿ. ಎಂಎಸ್ ಆಫೀಸ್ ಎಂಬುದನ್ನು ತೆಗೆದು ಆ ಜಾಗಕ್ಕೆ ಇದನ್ನ ಹಾಕಿ.