ಹ್ಯಾರಿ ಪಾಟರ್ ಮಂತ್ರಗಳಲ್ಲಿ ಕೆಲಸ ಮಾಡೋದು ಬಾಯಿ ಮಾತಾ, ಮನಸ್ಸಾ?

ಕಳಸದ_ಚಿಕ್ಕಮ್ಮ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮಕ್ಕನ ಮಗಳು, ಒಂಬತ್ತು ವರ್ಷ, ನಮ್ಮನೇಲೇ ಇದ್ಕೊಂಡು ಸ್ಕೂಲಿಗೆ ಹೋಗ್ತಾಳೆ. ಈ ಮಳೆಗೆ ಸಂಜೆ ಆದ್ರೆ ಕರೆಂಟ್ ಇರಲ್ಲ, ಅದಕ್ಕೆ ದಿನಾ ರಾತ್ರಿ ಚಾರ್ಜರ್ ಲೈಟ್ ಇಟ್ಕೊಂಡು ಹ್ಯಾರಿ ಪಾಟರ್ ಓದ್ತೀವಿ, ನಾನು ಒಂದು ಪ್ಯಾರಾ ಇಂಗ್ಲಿಷಲ್ಲಿ ಓದಿ ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳ್ತೀನಿ, ಮಂತ್ರ ಬಂದಾಗ ಮಾತ್ರ ಹೇಗಿದೆಯೋ ಹಾಗೇ ಬಿಡ್ತೀನಿ. ಈಗ ಮೂರನೇ ಪುಸ್ತಕ ನಡೀತಿದೆ, ಲೂಪಿನ್ ಮೇಷ್ಟ್ರು ಬಂದಿದಾರೆ.

ಹೋದ ವಾರ ಕ್ಲಾಸಲ್ಲಿ ಇಂಗ್ಲಿಷ್ ಪಾಠ ಜೋರಾಗಿ ಓದ್ಬೇಕಾದ್ರೆ ಯಾವುದೋ ಪದ ತಪ್ಪು ಹೇಳಿದ್ಲಂತೆ, ಮಕ್ಕಳೆಲ್ಲ ನಕ್ಬಿಟ್ರಂತೆ. ಅವತ್ತಿಂದ ಮನೇಲೂ ಇಂಗ್ಲಿಷನ್ನ ಬಾಯ್ಬಿಟ್ಟು ಓದ್ತಿಲ್ಲ. ಮೊನ್ನೆ ರಾತ್ರಿ ದೀಪ ಆರಿಸಿದ್ಮೇಲೆ ಕತ್ತಲಲ್ಲಿ ಕೇಳ್ತಾಳೆ, "ಚಿಕ್ಕಮ್ಮಾ, ನಂಗೆ ಸರಿಯಾಗಿ ಹೇಳಕ್ಕೆ ಬರಲ್ವಲ್ಲ, ಹಾಗಾದ್ರೆ ನನ್ ಕೈಗೆ ಮಂತ್ರದಂಡ ಕೊಟ್ರೂ ಏನೂ ಆಗಲ್ವಾ?" ನಂಗೆ ಉತ್ತರ ಹೊಳೀಲಿಲ್ಲ. ಸುಮ್ನೆ "ಆಗುತ್ತೆ ಪುಟ್ಟಾ" ಅಂದ್ರೆ ಅವಳು ನಂಬೋಳಲ್ಲ, ಪುಸ್ತಕದಲ್ಲಿ ಎಲ್ಲಿದೆ ತೋರ್ಸು ಅಂತಾಳೆ. ಏಳೂ ಪುಸ್ತಕ ಚೆನ್ನಾಗಿ ಓದಿರೋರು ಹೇಳಿ, ಆ ಪ್ರಪಂಚದಲ್ಲಿ ಮಂತ್ರದ ಬಲ ಇರೋದು ಉಚ್ಚಾರಣೆಲಾ ಅಥವಾ ಮನಸ್ಸಲ್ಲಾ?

ಹಾಸನದ_ಓದುಗ:
ಚಿಕ್ಕಮ್ಮನವರೇ, ಸುಳ್ಳು ಹೇಳಿ ಸಮಾಧಾನ ಮಾಡ್ಬೇಡಿ, ಅವಳಿಗೆ ಗೊತ್ತಾಗ್ಬಿಡುತ್ತೆ. ಉಚ್ಚಾರಣೆ ಲೆಕ್ಕಕ್ಕೆ ಬರುತ್ತೆ. ಮೊದಲನೇ ಪುಸ್ತಕದಲ್ಲೇ ಫ್ಲಿಟ್‌ವಿಕ್ ಮೇಷ್ಟ್ರು ಬರೂಫಿಯೋ ಅನ್ನೋ ಮಂತ್ರವಾದಿ ಕತೆ ಹೇಳ್ತಾರೆ, 'ಫ' ಅನ್ನೋ ಕಡೆ 'ಸ' ಅಂದ್ಬಿಟ್ಟು ನೆಲದ ಮೇಲೆ ಬಿದ್ದಿದ್ದ, ಎದೆ ಮೇಲೆ ಕೋಣ ಕೂತಿತ್ತು ಅಂತ. ಆದ್ರೆ ಅದೇ ಪುಸ್ತಕದಲ್ಲಿ ಹ್ಯಾರಿ ಗೆಳೆಯ ರಾನ್‌ನ ನೋಡಿ. ಬೆಳಗ್ಗೆ ಕ್ಲಾಸಲ್ಲಿ ವಿಂಗಾರ್ಡಿಯಮ್ ಲೆವಿಯೋಸಾ ಅಂತ ಕೈ ಬೀಸಿ ಬೀಸಿ ಸಾಕಾದ್ರೂ ಒಂದು ಪುಕ್ಕ ಏಳಲಿಲ್ಲ, ಅದೇ ಕ್ಲಾಸಿನ ಹರ್ಮಯೊನಿ ಎಲ್ಲರ ಮುಂದೆ "ಗಾರ್ ಅನ್ನೋದನ್ನ ಚೆನ್ನಾಗಿ ಎಳಿ" ಅಂತ ತಿದ್ದಿದ್ಲು. ಅದೇ ರಾತ್ರಿ ಟ್ರೋಲ್ ಅನ್ನೋ ದೈತ್ಯನ ಎದುರಿಗೆ ನಿಂತಾಗ ಏನು ಮಾಡ್ಬೇಕು ಅಂತ ತೋಚದೆ ತಲೆಗೆ ಮೊದಲು ಬಂದಿದ್ದನ್ನ ಕೂಗಿದಾನೆ, ಬಂದಿದ್ದು ಅದೇ ಮಂತ್ರ, ಟ್ರೋಲ್ ಕೈಲಿದ್ದ ದೊಣ್ಣೆ ಮೇಲೆದ್ದು ಅದರ ತಲೆ ಮೇಲೇ ಬಿತ್ತು! ಬೆಳಗ್ಗೆ ತಪ್ಪು ಹೇಳಿದ್ದ ಅದೇ ಬಾಯಿ, ಅದೇ ಹುಡುಗ. ಇದನ್ನ ತೆಗೆದು ತೋರ್ಸಿ ಅವಳಿಗೆ.

ಮೂಡಿಗೆರೆ_ಮಳೆ:
ನಾನು ಮನಸ್ಸು ಅನ್ನೋ ಪಾರ್ಟಿ. ಆರನೇ ಪುಸ್ತಕದಿಂದ ಬಾಯೇ ಬಿಡದೆ ಮಂತ್ರ ಹಾಕೋದನ್ನ ಕಲಿಸ್ತಾರಲ್ಲ, ಬರೀ ಉಚ್ಚಾರಣೆನೇ ಎಲ್ಲ ಆಗಿದ್ರೆ ಅದು ನಡಿಯೋದೇ ಇಲ್ಲ. ಇನ್ನು ಐದನೇ ಪುಸ್ತಕದ ಕೊನೇಲಿ (ಹುಡುಗಿಗೆ ಈಗ್ಲೇ ಹೇಳ್ಬೇಡಿ) ಹ್ಯಾರಿ ಸಿಟ್ಟಲ್ಲಿ ಬೆಲ್ಲಾಟ್ರಿಕ್ಸ್ ಅನ್ನೋ ದುಷ್ಟ ಮಂತ್ರವಾದಿನಿ ಮೇಲೆ ಕ್ರೂಸಿಯೋ ಅನ್ನೋ ಹಿಂಸೆಯ ಶಾಪ ಹಾಕ್ತಾನೆ, ಪದ ಸರಿಯಾಗೇ ಇದೆ, ಆದ್ರೆ ಅವಳು ಬಿದ್ದು ಒಂದ್ಸಲ ಕಿರುಚಿ ಎದ್ದುಬಿಡ್ತಾಳೆ. ಎದ್ದವಳೇ ಹೇಳ್ತಾಳೆ, ಈ ಶಾಪ ತಗುಲ್ಬೇಕು ಅಂದ್ರೆ ಎದುರಿಗಿರೋರು ನರಳಲಿ ಅಂತ ಮನಸಾರೆ ಬಯಸ್ಬೇಕು ಅಂತ. ಹ್ಯಾರಿ ಹತ್ರ ಅಂಥ ಮನಸ್ಸಿರಲಿಲ್ಲ.

ನಮ್ಮಜ್ಜ ಚೇಳು ಕಡಿದೋರಿಗೆ ಮಂತ್ರ ಹಾಕ್ತಿದ್ರು, ತುಟಿ ಅಲ್ಲಾಡೋದು ಕಾಣ್ತಿತ್ತು, ಶಬ್ದ ಬರ್ತಿರಲಿಲ್ಲ. ಜೋರಾಗಿ ಹೇಳಿದ್ರೆ ಬಲ ಹೋಗುತ್ತೆ ಅಂತಿದ್ರು. ನೋವು ಹೋಗ್ತಿತ್ತೋ ಇಲ್ವೋ ಅದು ಬೇರೆ ಮಾತು, ಆ ಪುಸ್ತಕ ಓದುವಾಗೆಲ್ಲ ನಂಗೆ ಅಜ್ಜನ ತುಟಿ ನೆನಪಾಗುತ್ತೆ.

ಹಾಸನದ_ಓದುಗ:
ಮೂಡಿಗೆರೆ ಅವರೇ, ಅಷ್ಟು ಸಲೀಸಲ್ಲ. ಅದೇ ಐದನೇ ಪುಸ್ತಕ, ಅದೇ ಜಗಳ. ಹ್ಯಾರಿ ಕ್ಲಾಸಿನ ನೆವಿಲ್ ಮೂಗು ಮುರಿದಿರುತ್ತೆ, ಅವನು ಎದುರಾಳಿನ ಮೂರ್ಛೆ ಬೀಳಿಸೋ ಸ್ಟ್ಯೂಪಿಫೈ ಮಂತ್ರ ಅನ್ನಕ್ಕೆ ಹೋದ್ರೆ ಸ್ಟ್ಯೂಬಿಫೈ ಅಂತ ಬರುತ್ತೆ, ಎಷ್ಟು ಸಲ ಕೂಗಿದ್ರೂ ಏನೂ ಆಗಲ್ಲ. ಅವನ ಮನಸ್ಸಲ್ಲಿ ಕೊರತೆ ಇತ್ತಾ? ಅವನ ಅಪ್ಪ ಅಮ್ಮನ್ನ ಬುದ್ಧಿ ಹೋಗೋ ತನಕ ಹಿಂಸೆ ಮಾಡಿದ ಆ ಬೆಲ್ಲಾಟ್ರಿಕ್ಸ್ ಅಲ್ಲೇ ಇದ್ಲು! ಆ ಕಡೆ ಹರ್ಮಯೊನಿ ಮಂತ್ರ ಹಾಕಿ ಶತ್ರು ಕಡೆಯ ಡೊಲೊಹೊವ್‌ನ ಬಾಯಿ ಕಟ್ಟಿಹಾಕ್ತಾಳೆ, ಅವನು ಶಬ್ದ ಇಲ್ದೆನೇ ಶಾಪ ಹಾಕ್ತಾನೆ, ಅದು ಅವಳಿಗೆ ತಗುಲಿ ಬೀಳ್ತಾಳೆ, ಆಮೇಲೆ ಆಸ್ಪತ್ರೇಲಿ ದಿನಕ್ಕೆ ಹತ್ತು ಥರ ಔಷಧಿ. ಅವನು ಬಾಯ್ಬಿಟ್ಟು ಹೇಳಿದ್ರೆ ಇನ್ನೂ ಜೋರಾಗಿ ತಗುಲ್ತಿತ್ತು ಅಂತ ಪುಸ್ತಕದಲ್ಲೇ ಇದೆ. ಅಂದ್ರೆ ಮಾತಿಲ್ದೆ ನಡಿಯುತ್ತೆ, ಆದ್ರೆ ಬಲ ಕಡಿಮೆ. ಇನ್ನು ಆರನೇ ಪುಸ್ತಕದ ಸೆಕ್ಟಮ್‌ಸೆಂಪ್ರಾ ಅನ್ನೋ ಮಂತ್ರ ಅಂತೂ ಮನಸ್ಸಿನ ವಾದಕ್ಕೇ ಉಲ್ಟಾ, ಹಳೇ ಪುಸ್ತಕದ ಅಂಚಲ್ಲಿ "ಶತ್ರುಗಳಿಗೆ" ಅಂತ ಬರೆದಿದ್ದನ್ನ ನೋಡಿ ಏನಾಗುತ್ತೆ ಅಂತಾನೇ ಗೊತ್ತಿಲ್ದೆ ಹ್ಯಾರಿ ಕೂಗ್ತಾನೆ, ಅವನ ಜೊತೆ ಓದೋ ವೈರಿ ಡ್ರೇಕೊ ಮೈಯೆಲ್ಲ ಕೊಯ್ದು ರಕ್ತ. ಆ ಅಧ್ಯಾಯ ಓದಿದ ರಾತ್ರಿ ನಂಗೆ ನಿದ್ದೆ ಬಂದಿಲ್ಲ, ಅರ್ಥ ಗೊತ್ತಿಲ್ದೆ ಆಡಿದ ಮಾತು ಹಾಗೆ ಕೊಯ್ಯುತ್ತಲ್ಲ ಅಂತ.

ಬೇಲೂರು_ಬಾಟನಿ:
ಕಳಸದ ಅಕ್ಕ, ನಾನು ಬೇರೆ ಕಡೆಯಿಂದ ಬರ್ತೀನಿ. ಆ ಮಂತ್ರಗಳು ಹೆಚ್ಚಿನವು ಇಂಗ್ಲಿಷೇ ಅಲ್ಲ ಅಂತ ಅವಳಿಗೆ ಮೊದಲು ಹೇಳಿ. ಬಹಳಷ್ಟು ಲ್ಯಾಟಿನ್, ಇಲ್ಲಾ ಲ್ಯಾಟಿನ್ ಥರ ಕಟ್ಟಿರೋದು. ನಾಕ್ಸ್ ಅಂದ್ರೆ ಲ್ಯಾಟಿನ್ನಲ್ಲಿ ರಾತ್ರಿ, ದೀಪ ಆರಿಸೋ ಮಂತ್ರ ಅದು. ಎಕ್ಸ್‌ಪೆಕ್ಟೋ ಪೆಟ್ರೋನಮ್ ಅಂದ್ರೆ ಕಾಪಾಡೋನಿಗೆ ಕಾಯ್ತಿದೀನಿ ಅಂತ. ವಿಂಗಾರ್ಡಿಯಮ್‌ನಲ್ಲಿ ವಿಂಗ್ ಇಂಗ್ಲಿಷಿನ ರೆಕ್ಕೆ, ಲೆವಿಯೋಸಾದಲ್ಲಿ ಲೆವಿಸ್ ಲ್ಯಾಟಿನ್, ಹಗುರ ಅಂತ. ಇಂಗ್ಲಿಷ್ ಮಕ್ಕಳಿಗೂ ಇದೆಲ್ಲ ಹೊಸ ಪದಾನೇ, ಅವರೂ ತಡವರಿಸಿಯೇ ಕಲಿತಾರೆ.

ಈಗ ಮುಖ್ಯ ವಿಷಯ. ದೂರದ ವಸ್ತು ಕರೆಸ್ಕೊಳ್ಳೋ ಮಂತ್ರ ಇದೆಯಲ್ಲ, ಅದನ್ನ ಆಕ್ಸಿಯೋ ಅನ್ನೋರಿದಾರೆ, ಸಿನಿಮಾದಲ್ಲಿ ಆಕಿಯೋ ಅಂತಾರೆ. ಹಳೇ ಲ್ಯಾಟಿನ್ನಲ್ಲಿ ಎರಡು ಸಿ ಬಂದ್ರೆ ಒತ್ತಿ 'ಕ್ಕ' ಅನ್ಬೇಕು, ಅಕ್ಕಿಯೋ! ಇಂಗ್ಲಿಷ್ ಮಾತಾಡೋರಿಗೆ ಒಂದೇ ಪದದೊಳಗೆ ಹಾಗೆ ಒತ್ತೋ ಅಭ್ಯಾಸ ಇಲ್ಲ. ನಮ್ಮ ಮಗು ಹುಟ್ಟಿದಾಗಿಂದ ಅಕ್ಕಿ, ಬೆಕ್ಕು, ಅಕ್ಕ ಅಂತಿದೆ. ಹ್ರಸ್ವ ದೀರ್ಘಾನೂ ಅಷ್ಟೇ, ಲ್ಯಾಟಿನ್ನಲ್ಲಿ ಅದು ಬದಲಾದ್ರೆ ಅರ್ಥಾನೇ ಬದಲಾಗುತ್ತೆ, ನಮ್ಮಲ್ಲಿ ಬಳೆ ಬಾಳೆ ಇದ್ದ ಹಾಗೆ. ಈ ಮಂತ್ರಗಳಿಗೆ ಅವಳ ನಾಲಿಗೆ ಆ ಕ್ಲಾಸಲ್ಲಿ ನಕ್ಕ ಯಾರಿಗಿಂತಲೂ ಕಮ್ಮಿ ಇಲ್ಲ ಕಣಕ್ಕ. ಮತ್ತೆ ನಿಮ್ಮ ಕಡೆ ಕಾಫಿಗೆ ಅರೇಬಿಕಾ ರೋಬಸ್ಟಾ ಅಂತ ದಿನಾ ಬೆಳಗಾದ್ರೆ ಹೇಳ್ತೀರಲ್ಲ, ರೋಬಸ್ಟಾ ಅನ್ನೋದು ಲ್ಯಾಟಿನ್ನೇ, ಗಟ್ಟಿಮುಟ್ಟು ಅಂತ ಅರ್ಥ. ಅವಳು ಮಾತು ಕಲಿತಾಗಿಂದ ಲ್ಯಾಟಿನ್ ಆಡ್ತಿದಾಳೆ.

ಮೂಡಿಗೆರೆ_ಮಳೆ:
ಬೇಲೂರವರೇ, ಇದು ನಂಗೆ ಹೊಳೆದೇ ಇರಲಿಲ್ಲ. ನೆವಿಲ್ ವಿಷಯ ಒಪ್ತೀನಿ. ಆ ಅಕ್ಕಿಯೋ ಬಗ್ಗೆ ಒಂದು ಸೇರಿಸ್ತೀನಿ, ನಾಲ್ಕನೇ ಪುಸ್ತಕದಲ್ಲಿ ಹ್ಯಾರಿಗೆ ಆ ಮಂತ್ರ ಬರ್ತಾನೇ ಇರಲ್ಲ, ಡ್ರ್ಯಾಗನ್ ಎದುರಿಸೋ ಹಿಂದಿನ ರಾತ್ರಿ ಎರಡು ಗಂಟೆವರೆಗೂ ಹರ್ಮಯೊನಿ ಕೂತು ಕಲಿಸ್ತಾಳೆ, ಪುಸ್ತಕ, ಪುಕ್ಕದ ಪೆನ್ನು, ನೆವಿಲ್‌ನ ಕಪ್ಪೆ ಎಲ್ಲ ಸುತ್ತ ರಾಶಿ ಬಿದ್ದಿರುತ್ತೆ. ಮಾರನೇ ದಿನ ಕೋಟೆ ಒಳಗಿದ್ದ ಪೊರಕೆ ಅವನ ಹತ್ರ ಹಾರಿ ಬರುತ್ತೆ. ನಮ್ಮ ಕಡೆ ಮಂತ್ರಕ್ಕೆ ಮಾವಿನಕಾಯಿ ಉದುರಲ್ಲ ಅಂತಾರೆ, ಅಲ್ಲಿ ಉದುರುತ್ತೆ, ಆದ್ರೆ ರಾತ್ರಿ ಎರಡರ ತನಕ ಎದ್ದಿದ್ದೋರಿಗೆ. ಪಕ್ಕದಲ್ಲಿ ನಗದೇ ಕಲಿಸೋರು ಒಬ್ರು ಇದ್ರು, ಅದನ್ನ ಮರೀಬೇಡಿ, ಆ ಜಾಗದಲ್ಲಿ ಈಗ ನೀವಿದೀರಿ.

ಕಳಸದ_ಚಿಕ್ಕಮ್ಮ:
ಎಲ್ರಿಗೂ ಮನಸ್ಸಿಂದ ಥ್ಯಾಂಕ್ಸ್. ಶನಿವಾರ ರಾನ್ ಮತ್ತೆ ಟ್ರೋಲ್ ಕತೆ ಪುಟ ತೆಗೆದು ತೋರಿಸ್ದೆ, ಎರಡು ಸಲ ಓದಿಸ್ಕೊಂಡ್ಲು. ಆಮೇಲೆ ಅಕ್ಕಿಯೋ ವಿಷಯ ಹೇಳಿದ್ದೇ ತಡ, ಕಪಾತು ಮಾಡಿ ಬಿಸಾಕಿದ್ದ ಕಾಫಿ ಗಿಡದ ಕಡ್ಡಿ ಒಂದು ಹಿಡ್ಕೊಂಡು ಇಡೀ ಅಂಗಳ ಅಕ್ಕಿಯೋ ಅಕ್ಕಿಯೋ, ನಮ್ಮತ್ತೆ ಒಳಗಿಂದ ಮೊರ ತಗೊಂಡು ಬಂದು "ಎಷ್ಟು ಅಕ್ಕಿ ಬೇಕೇ ನಿಂಗೆ" ಅಂದ್ರು.

ನಿನ್ನೆ ರಾತ್ರಿ ಹ್ಯಾರಿ ಪೆಟ್ರೋನಸ್ (ಖುಷಿಯ ನೆನಪಿಂದ ಪ್ರಾಣಿ ರೂಪದಲ್ಲಿ ಬಂದು ಕಾಪಾಡೋ ಬೆಳಕು) ಕಲಿಯೋ ಅಧ್ಯಾಯ ಬಂತು. ಮೊದಲ ಸಲ ಪೊರಕೆ ಮೇಲೆ ಹಾರಿದ್ದನ್ನ ನೆನಸ್ಕೋತಾನೆ, ಆ ನೆನಪು ಸಾಕಾಗಲ್ಲ, ಲೂಪಿನ್ ಇನ್ನೂ ಖುಷಿಯಾದ ನೆನಪು ಬೇಕು ಅಂತಾರೆ, ಆ ಜಾಗ. ನಾನು ಓದ್ತಾ ಇದ್ದೋಳು ಮಂತ್ರ ಬಂದಾಗ ಬೇಕಂತಲೇ ನಿಲ್ಲಿಸ್ದೆ. ಸ್ವಲ್ಪ ಹೊತ್ತು ಮಳೆ ಸದ್ದು ಬಿಟ್ರೆ ಏನಿಲ್ಲ. ಆಮೇಲೆ ಅವಳೇ ಪುಸ್ತಕ ತನ್ನ ಕಡೆ ಎಳ್ಕೊಂಡು, ಬೆರಳಿಟ್ಟು, ಎಕ್ಸ್‌ಪೆಕ್ಟೋ ಪೆಟ್ರೋನಮ್ ಅಂತ ಓದಿದ್ಲು, ಜೋರಾಗಿ, ಅದರ ಕೆಳಗಿನ ಇಂಗ್ಲಿಷ್ ಸಾಲೂ ಓದಿದ್ಲು. ನಾನು ತಿದ್ದಕ್ಕೆ ಹೋಗಲಿಲ್ಲ. ಯಾವ ನೆನಪು ಇಟ್ಕೊಂಡೆ ಅಂತ ಕೇಳಿದ್ರೆ ಹೇಳಲ್ಲ ಅಂತಾಳೆ. ಅವಳ ಪೆಟ್ರೋನಸ್ ಪ್ರಾಣಿ ಮಾತ್ರ ಕಾಟಿ (ಕಾಡುಕೋಣ) ಅಂತೆ, ತೋಟದ ಬೇಲಿ ಹತ್ರ ಒಂದ್ಸಲ ನೋಡಿದ್ದಾಳೆ.